ಹೋಗಿ ಬಾ ಅಂದದ್ದು ಯಾರು

ಕುರುಗೋಡಿನ ಬಸ್ ನಿಲ್ದಾಣದ ಎದುರಿನ ಒಗ್ಗರಣೆ-ಮಿರ್ಚಿ ಹೋಟೆಲಿನಲ್ಲಿ ಮೂರು ವಾರಗಳಿಂದ ಒಂದೇ ಪ್ರಶ್ನೆ ಕುದಿಯುತ್ತಿತ್ತು. ನಮ್ಮ ಸೆಂಟರ್ ನಮ್ಮನ್ನು ಬಿಟ್ಟು ಸಿರುಗುಪ್ಪದ ಟೀಮಿಗೆ ಹೋದದ್ದು ಯಾಕೆ? ಮಿರ್ಚಿ ಎಣ್ಣೆಗೆ ಬೀಳುವ ಮುಂಚೆ ಶುರುವಾದ ವಾದ ತಟ್ಟೆ ತೊಳೆದಿಟ್ಟ ಮೇಲೂ ಮುಗಿಯುತ್ತಿರಲಿಲ್ಲ. ನಿವೃತ್ತ ಬಸ್ ಕಂಡಕ್ಟರೊಬ್ಬರು ಒಂದು ಕಾರಣ ಕೊಡುವರು. ಹಿಟ್ಟಿನ ಗಿರಣಿಯ ಚಾಚಾ ಅದನ್ನು ಕತ್ತರಿಸಿ ಇನ್ನೊಂದು ಕೊಡುವರು. ಹೋಟೆಲಿನವನು ಮಿರ್ಚಿ ತೆಗೆಯುವ ಜಾರಿಯನ್ನು ಎತ್ತಿ ಹಿಡಿದು ಮೂರನೆಯದನ್ನು ಹೇಳುವನು, ಎಣ್ಣೆ ಮೊಣಕೈಗೆ ಇಳಿಯುತ್ತಿದ್ದರೂ ಅವನಿಗೆ ಗಮನವಿಲ್ಲ. ನಾನು ಮೂಲೆಯ ಬೆಂಚಿನಲ್ಲಿ ಮಂಡಕ್ಕಿ ಒಗ್ಗರಣೆಯ ತಟ್ಟೆಗೆ ಮುಖ ಹುದುಗಿಸಿ ಕೂತಿರುತ್ತಿದ್ದೆ. ನಿಜವಾದ ಕಾರಣ ಆ ಹೋಟೆಲಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನ ಬಾಯಿ ತುಂಬ ಮಂಡಕ್ಕಿ ಇತ್ತು.

ಕಾರಣ ನಾನೇ.

ಆಟ ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎಲ್ಲರೂ ಕ್ರಿಕೆಟ್ ಅಂದುಕೊಂಡೇ ಮುಂದೆ ಓದುತ್ತಾರೆ. ನಮ್ಮದು ಬಾಲ್ ಬ್ಯಾಡ್ಮಿಂಟನ್. ಗರಿಯ ಕಾಕ್ ಅಲ್ಲ, ಅಂಗೈಯಲ್ಲಿ ಅಡಗುವ ಹಳದಿ ಉಣ್ಣೆಯ ಚೆಂಡು. ಬಯಲಿನಲ್ಲಿ ನೆಟ್ ಕಟ್ಟಿ ಆ ಕಡೆ ಐವರು, ಈ ಕಡೆ ಐವರು. ಮೊದಲು ಮೂವತ್ತೈದು ಪಾಯಿಂಟ್ ಮುಟ್ಟಿದವರಿಗೆ ಒಂದು ಗೇಮು, ಮೂರರಲ್ಲಿ ಎರಡು ಗೇಮು ಗೆದ್ದವರಿಗೆ ಪಂದ್ಯ. ಐವರ ನಟ್ಟನಡುವೆ ನಿಲ್ಲುವವನೇ ಸೆಂಟರ್. ಮುಂದಿನವರು ಬಿಟ್ಟದ್ದು, ಹಿಂದಿನವರಿಗೆ ಎಟುಕದ್ದು ಎಲ್ಲವೂ ಅವನ ಪಾಲು. ಸೆಂಟರ್ ಇಲ್ಲದ ಟೀಮೆಂದರೆ ಮುಂದಿನ ಹಲ್ಲು ಬಿದ್ದ ಬಾಯಿ ಇದ್ದಂತೆ. ನಗಬಹುದು, ಕಚ್ಚಲಾಗುವುದಿಲ್ಲ.

ಆರು ಟೀಮುಗಳು. ಬಳ್ಳಾರಿಯವೇ ಎರಡು, ಉಳಿದಂತೆ ಸಿರುಗುಪ್ಪ, ಹಚ್ಚೊಳ್ಳಿ, ಹಲಕುಂದಿ ಮತ್ತು ನಾವು. ದೀಪಾವಳಿ ಕಳೆದ ಮೇಲೆ ಶುರುವಾಗಿ, ಬಿಸಿಲು ನೆತ್ತಿ ಸುಡುವ ಮುಂಚೆ ಮುಗಿಯುವ ಸೀಸನ್. ಭಾನುವಾರ ಬೆಳಿಗ್ಗೆ ಒಂದೊಂದು ಊರಲ್ಲಿ ಪಂದ್ಯ, ಕೊನೆಗೆ ಮೇಲಿನ ಇಬ್ಬರಿಗೆ ಬಳ್ಳಾರಿಯಲ್ಲಿ ಫೈನಲ್. ಗೆದ್ದವರಿಗೆ ಒಂದು ಶೀಲ್ಡು. ಅದು ಗೆದ್ದ ಊರಿನ ಹೋಟೆಲಿನ ಗಲ್ಲಾದ ಮೇಲೆ ಒಂದು ವರ್ಷ ಕೂರುತ್ತದೆ. ನಮ್ಮ ಹೋಟೆಲಿನವನು ಎರಡು ವರ್ಷದಿಂದ ಅದಕ್ಕೆ ಜಾಗ ಹಿಡಿದಿಟ್ಟಿದ್ದ. ಸದ್ಯಕ್ಕೆ ಅಲ್ಲಿ ಸೋಂಪಿನ ಡಬ್ಬಿ ಇತ್ತು.

ಇನ್ನು ಆಟಗಾರರು ಟೀಮು ಬದಲಿಸುವ ಸಂಗತಿ. ನಮ್ಮಲ್ಲಿ ಕಾಗದವಿಲ್ಲ, ಸಹಿ ಇಲ್ಲ. ಹಿರಿಯರು ಮಾಡಿಟ್ಟ ಒಂದೇ ಕಟ್ಟಳೆ: ಬೇರೆ ಟೀಮಿಗೆ ಹೋಗಬೇಕೆಂದರೆ ತನ್ನ ಟೀಮಿನ ಮುಖ್ಯಸ್ಥ ತನ್ನ ಬಾಯಿಂದ 'ಹೋಗಿ ಬಾ' ಅನ್ನಬೇಕು. ಅಂದುಬಿಟ್ಟರೆ ಸೀಸನ್ನಿನ ನಡುವೆಯೂ ಹೋಗಬಹುದು. ಅನ್ನದಿದ್ದರೆ ಉಳಿದ ಐದು ಟೀಮಿನಲ್ಲಿ ಯಾರೂ ಅವನಿಗೆ ಅಂಗಿ ಕೊಡುವುದಿಲ್ಲ. ಈ ಕಟ್ಟಳೆ ಸರಿಯೋ ತಪ್ಪೋ ಎನ್ನುವುದೇ ನಮ್ಮ ಹೋಟೆಲಿನಲ್ಲಿ ವರ್ಷಪೂರ್ತಿ ನಡೆಯುವ ಚರ್ಚೆ. ಕೈ ಅವನದು, ಕಾಲು ಅವನದು, ಅವನೇನು ಊರಿನ ಸೊತ್ತೇ ಎಂದು ಚಾಚಾ. ಆ ಕೈಗೆ ರಾಕೆಟ್ ಹಿಡಿಸಿದವರು ಯಾರು ಎಂದು ಕಂಡಕ್ಟರ್. ಮೂವತ್ತು ವರ್ಷ ಟಿಕೆಟ್ ಹರಿದ ಮನುಷ್ಯ, ಇಳಿಯುವ ಹಕ್ಕು ಪ್ರಯಾಣಿಕನಿಗೆ ಇದೆ ಎನ್ನುವುದನ್ನು ಮಾತ್ರ ಒಪ್ಪುತ್ತಿರಲಿಲ್ಲ.

ನಮ್ಮ ಟೀಮಿನ ಮುಖ್ಯಸ್ಥರು ಮಾಸ್ತರು. ಸರ್ಕಾರಿ ಸಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದು ನಿವೃತ್ತರಾದವರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಸೀಟಿ. ಮೂರು ಸಲ ಕೆಮ್ಮಿ 'ನೋಡಪಾ' ಅಂತ ಶುರು ಮಾಡಿ 'ಆತಿಲ್ಲೊ?' ಅಂತ ಮುಗಿಸುವುದು ಅವರ ರೂಢಿ. ನಮ್ಮ ಸೆಂಟರ್ ಅವರ ಕೈಯಲ್ಲೇ ಬೆಳೆದ ಹುಡುಗ. ಈಗ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಅಪ್ಪನ ಕಾಲದಿಂದಲೂ ಅದೇ ಕಸುಬು. ಸಾಲೆಯಲ್ಲಿದ್ದಾಗ ರಂಜಾನಿನ ಉಪವಾಸದ ದಿನಗಳಲ್ಲಿ ಇವನು ದಣಿಯುತ್ತಾನೆಂದು ಮಾಸ್ತರು ಇಡೀ ಟೀಮಿನ ಓಟವನ್ನೇ ರದ್ದು ಮಾಡುತ್ತಿದ್ದರು. ಆ ತಿಂಗಳಿಗಾಗಿ ನಾವೆಲ್ಲ ವರ್ಷವಿಡೀ ಕಾಯುತ್ತಿದ್ದೆವು.

ನಾನು ಟೀಮಿನ ಹತ್ತನೆಯವನು. ಹತ್ತು ಜನರಲ್ಲಿ ಐವರು ಆಡುತ್ತಾರೆ, ನಾಲ್ವರು ಕಾಯುತ್ತಾರೆ, ಉಳಿದವನು ಕೈಚೀಲ ಕಾಯುತ್ತಾನೆ. ನನ್ನನ್ನು ಆಡಿಸುವ ಮುಂಚೆ ನೆಟ್ಟಿನ ಕಂಬವನ್ನು ಆಡಿಸುತ್ತಾರೆಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ, ಬೇರೆಯವರು ಹೇಳುವ ಮುಂಚೆ. ನನ್ನ ಹೊಟ್ಟೆಪಾಡು ಬಳ್ಳಾರಿಯಲ್ಲಿ: ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಒಂದು ಕೋಣೆಯಲ್ಲಿ ಕೂತು ಪ್ರಚಾರದ ಆಟೋಗಳಿಗೆ ದನಿ ಕೊಡುತ್ತೇನೆ. ಸೀರೆ ಅಂಗಡಿಗೆ ಒಂದು ದನಿ, ಟ್ಯೂಷನ್ನಿಗೆ ಒಂದು ದನಿ, ಬೀಜ-ಗೊಬ್ಬರಕ್ಕೆ ಮೀಸೆ ಇರುವ ದನಿ. ಅದರ ಮೇಲೆ ಊರಿನವರೆಲ್ಲರ ಅಣಕು ಬೇರೆ. ಕಂಡಕ್ಟರು ಚಿಲ್ಲರೆ ಕೇಳುವುದು, ಚಾಚಾ ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಈಗ ಗುಟ್ಟನ್ನೂ ಕೂಗಿಯೇ ಹೇಳುವುದು, ನಮ್ಮವ್ವ ನನ್ನನ್ನು ಬೈಯುವ ಮುಂಚೆ ಉಸಿರು ಎಳೆದುಕೊಳ್ಳುವುದು. 'ನಿನ್ನ ಸ್ವಂತ ದನಿ ಯಾವುದೋ ಹುಚ್ಚಪ್ಪಾ' ಎಂದು ಅವ್ವ ಕೇಳಿದಾಗ ಆ ಮಾತನ್ನೂ ಅವಳದೇ ದನಿಯಲ್ಲಿ ಒಪ್ಪಿಸಿ ಚಪ್ಪಲಿ ಹುಡುಕಿಸಿದ್ದೇನೆ.

ಮಾಸ್ತರ ಹತ್ತಿರ ಇರುವುದು ಗುಂಡಿ ಒತ್ತುವ ಹಳೆಯ ಫೋನು. ಹೀಗಾಗಿ ಟೀಮಿಗೆ ಏನಾದರೂ ಹೇಳಬೇಕೆಂದರೆ ಹತ್ತಿರ ಇದ್ದವರ ಫೋನು ಇಸಿದುಕೊಂಡು ಅದರ ಮುಂದೆ ಕೆಮ್ಮುತ್ತಾರೆ. ಹೆಚ್ಚಿನ ಸಲ ಅದು ನನ್ನದೇ. 'ನೋಡಪಾ, ಭಾನುವಾರ ಆರಕ್ಕ ಬಸ್ ಸ್ಟ್ಯಾಂಡಿಗೆ ಬರ್ರಿ, ಉಗುರು ಕತ್ತರಿಸಿಕೊಂಡು ಬರ್ರಿ, ಆತಿಲ್ಲೊ?' ಎಂದು ಮಾಸ್ತರ ದನಿ ನನ್ನ ನಂಬರಿನಿಂದ ಹೋಗುವುದು ಎಲ್ಲರಿಗೂ ರೂಢಿಯಾಗಿತ್ತು. ಇನ್ನು ಮುಂದಿನದನ್ನು ನೀವೇ ಊಹಿಸಿರುತ್ತೀರಿ. ನನಗೆ ಮಾತ್ರ ಆ ದಿನ ಊಹೆಗೆ ಬರಲಿಲ್ಲ.

ಒಂದು ಬುಧವಾರ. ಮೊಟ್ಟೆ ಟ್ರೇ ಕೋಣೆಯಲ್ಲಿ ಸೀರೆ ಅಂಗಡಿಯ ರಿಯಾಯಿತಿಯನ್ನು ಹನ್ನೊಂದನೇ ಸಲ ಕೂಗಿ ನನ್ನ ತಲೆ ಗಿಂವ್ ಅನ್ನುತ್ತಿತ್ತು. ಹಿಂದಿನ ಭಾನುವಾರ ಸಿರುಗುಪ್ಪದ ಟೀಮಿನ ಮುಖ್ಯಸ್ಥ ಸೆಂಟರ್‌ನ ಬೆನ್ನು ತಟ್ಟಿ, ನಮ್ಮ ಕಡೆ ಬಂದು ಬಿಡು ಎಂದು ಎಲ್ಲರೆದುರು ತಮಾಷೆ ಮಾಡಿದ್ದ. ನನಗೆ ಬಾಯಿ ಕಡಿಯಿತು. ಮೂರು ಸಲ ಕೆಮ್ಮಿ, ಫೋನು ಹತ್ತಿರ ಹಿಡಿದು, ಸೆಂಟರ್‌ಗೆ ಮಾತ್ರ ಕಳಿಸಿದೆ.

'ನೋಡಪಾ, ಸಿರುಗುಪ್ಪದವ್ರು ನಿನ್ನ ಕೇಳಾಕ ಹತ್ಯಾರ. ನಾ ಯಾಕ ಅಡ್ಡ ಬರ್ಲಿ? ಹೋಗಿ ಬಾ. ಆತಿಲ್ಲೊ?'

ಎರಡು ನಿಮಿಷಕ್ಕೆ ಉತ್ತರ ಬಂತು. 'ಆತ್ರಿ ಸರ್.'

ನಾನು ಬಿದ್ದು ಬಿದ್ದು ನಕ್ಕೆ. ನನಗೇ 'ಸರ್' ಅಂದು ತಿರುಗಿ ಆಟ ಕಟ್ಟುತ್ತಿದ್ದಾನೆ, ಹುಡುಗ ಚುರುಕಾದ ಅಂದುಕೊಂಡೆ. ಒಳ್ಳೆಯ ಅಣಕಿಗೆ ತಕ್ಕ ಜೋಡಿ ಸಿಕ್ಕಿತೆಂದು ಖುಷಿಪಟ್ಟು ಹದಿನೈದು ರೂಪಾಯಿಯ ಚಹಾ ಕುಡಿದೆ.

ಭಾನುವಾರ ಹಲಕುಂದಿಯಲ್ಲಿ ಸಿರುಗುಪ್ಪದವರ ಟೆಂಪೋ ಬಂದು ನಿಂತಿತು. ನೀಲಿ ಅಂಗಿ ಹಾಕಿಕೊಂಡು ಸೆಂಟರ್ ಅದರಿಂದ ಇಳಿದ. ನಾನು ಇನ್ನೂ ನಗುತ್ತಲೇ ಇದ್ದೆ, ಇವನು ತಮಾಷೆಯನ್ನು ಎಷ್ಟು ದೂರ ಎಳೆಯುತ್ತಾನಪ್ಪ ಎಂದು. ಅವನು ದೂರದಿಂದಲೇ ಮಾಸ್ತರಿಗೆ ಹಣೆ ಮುಟ್ಟಿ ನಮಸ್ಕಾರ ಮಾಡಿದ. ಮಾಸ್ತರು ಮುಖ ತಿರುಗಿಸಿ ನೆಟ್ಟಿನ ಹಗ್ಗ ಬಿಗಿಯತೊಡಗಿದರು. ಅದು ಆಗಲೇ ಬಿಗಿಯಾಗಿತ್ತು. ಸಿರುಗುಪ್ಪದ ಮುಖ್ಯಸ್ಥ ಬಂದು ದೊಡ್ಡ ಮನಸ್ಸು ಸರ್ ನಿಮ್ಮದು ಎಂದು ಕೈ ಮುಗಿದ. ಅವನು ಮನಸಾರೆ ಹೇಳಿದ್ದ. ಮಾಸ್ತರು ಅದನ್ನು ಚುಚ್ಚುಮಾತೆಂದು ನುಂಗಿಕೊಂಡರು. ನನ್ನ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ, ಕೈಚೀಲಗಳನ್ನು ಎಣಿಸುತ್ತ ನಿಂತೆ.

ವಾಪಸು ಬರುವಾಗ ಮಾಸ್ತರು ಬಸ್ಸಿನಲ್ಲಿ ನನ್ನ ಪಕ್ಕವೇ ಕೂತಿದ್ದರು. ಇಳಿಯುವಾಗ ಯಾರಿಗೂ ಅಲ್ಲದಂತೆ ಅಂದರು: 'ಕೇಳಬೇಕಿತ್ತು. ಬಂದು ಒಂದು ಮಾತು ಕೇಳಬೇಕಿತ್ತು.'

ಆಗಲೇ ಹೇಳಿಬಿಡಬಹುದಿತ್ತು. ಊರಿನ ಎಲ್ಲರ ದನಿ ಬರುವ ನನ್ನ ಗಂಟಲಿಗೆ ಆ ಹೊತ್ತು ಒಂದೂ ಬರಲಿಲ್ಲ.

ಇದರ ಮೇಲೆ ಹೋಟೆಲಿನವರ ಕಾಟ. ಮಾಸ್ತರು 'ಹೋಗಿ ಬಾ' ಅಂದಿದ್ದಾರೋ ಇಲ್ಲವೋ ಎನ್ನುವುದು ಮೊದಲ ವಾರದ ಚರ್ಚೆ. ಕಂಡಕ್ಟರು ನೇರವಾಗಿ ಅವರ ಮನೆಗೇ ಹೋಗಿ ಕೇಳಿ ಬಂದರು. ಹೋದವರ ಸುದ್ದಿ ನನ್ನ ಹತ್ತಿರ ಬೇಡ ಎಂದಷ್ಟೇ ಮಾಸ್ತರು ಹೇಳಿದರಂತೆ. ಅವರು 'ನಾ ಅಂದಿಲ್ಲ' ಎಂದು ಬಾಯಿಬಿಟ್ಟರೆ ಸೆಂಟರ್‌ಗೆ ಯಾವ ಟೀಮೂ ಇರುತ್ತಿರಲಿಲ್ಲ. ಆ ಎರಡು ಪದವನ್ನು ಅವರು ನುಂಗಿಕೊಂಡದ್ದು ಆ ಹುಡುಗನಿಗಾಗಿಯೇ. ಅದು ಅರ್ಥವಾದದ್ದು ನನಗೆ ಮಾತ್ರ. ಅತ್ತ ಸೆಂಟರ್, ತನ್ನನ್ನು ಮಾಸ್ತರೇ ಒಂದು ಮಾತಿನಲ್ಲಿ ಕೊಡವಿಕೊಂಡರೆಂದು ಹೋಟೆಲಿಗೆ ಬರುವುದನ್ನೇ ಬಿಟ್ಟಿದ್ದ. ಇವನು ಕೇಳಲಿಲ್ಲವೆಂದು ಅವರು, ಅವರು ಕಳಿಸಿದರೆಂದು ಇವನು. ಇಬ್ಬರ ನಡುವೆ ನನ್ನ ಹತ್ತು ಸೆಕೆಂಡಿನ ಕೆಮ್ಮು.

ಎರಡನೇ ವಾರ ಕಾರಣಗಳು ಬಂದವು. ಹೆಂಡತಿಯ ತವರು ಸಿರುಗುಪ್ಪ, ಬೀಗರ ಒತ್ತಾಯ ಎಂದು ಕಂಡಕ್ಟರ್. ಅಲ್ಲ, ಅಲ್ಲಿನ ಅಕ್ಕಿ ಗಿರಣಿಗಳ ಮೋಟಾರೆಲ್ಲ ಇವನಿಗೇ ಕೊಡುತ್ತಾರಂತೆ ಎಂದು ಚಾಚಾ. ಮಾಸ್ತರ ಬೈಗುಳಕ್ಕೆ ಬೇಸತ್ತ ಎಂದು ಹೋಟೆಲಿನವನು. ಅವರು ನನ್ನನ್ನೂ ಕೇಳುವರು, ನೀನು ಅವನ ಗೆಳೆಯನಲ್ಲವೇ, ನಿನಗೇನು ಅನ್ನಿಸುತ್ತದೆ ಎಂದು. ನಾನು ಕಂಡಕ್ಟರ ದನಿಯಲ್ಲೇ ಕಂಡಕ್ಟರ ಕಾರಣ ಹೇಳಿ ನಗಿಸಿ ಪಾರಾಗುತ್ತಿದ್ದೆ. ಇಂಥ ನಗು ಎಷ್ಟು ಕಹಿಯೆಂದು ಅದಕ್ಕೆ ಮುಂಚೆ ನನಗೆ ಗೊತ್ತಿರಲಿಲ್ಲ.

ಇದರ ನಡುವೆ ಸೀಸನ್ನು ಬೇರೆ ಹುಚ್ಚು ಹಿಡಿದಂತೆ ಓಡುತ್ತಿತ್ತು. ಕಾಲುವೆಯ ಮೇಲಿನಿಂದ ಗಾಳಿ ಬೀಸುವ ಹಚ್ಚೊಳ್ಳಿಯ ಬಯಲಲ್ಲಿ ಸಿರುಗುಪ್ಪದವರು ಮೂರನೇ ಗೇಮಿನಲ್ಲಿ ಒಂದೇ ಪಾಯಿಂಟಿನಿಂದ ಗೆದ್ದರು. ನೋಡಲು ಟ್ರ್ಯಾಕ್ಟರ್ ತುಂಬಿ ಬಂದಿದ್ದರು ಜನ. ಗಾಳಿಗೆ ಹೊರಗೆ ಹೋಗುತ್ತಿದ್ದ ಚೆಂಡನ್ನು ನಮ್ಮ ಸೆಂಟರ್ ಬಗ್ಗಿ ನೆಲಕ್ಕೆ ಒಂದು ಗೇಣಿದ್ದಾಗ ಎತ್ತಿದ. 'ನಮ್ಮ' ಅಂದೆ ನೋಡಿ, ಹಾಗೇ ಎಲ್ಲರೂ ಅನ್ನುತ್ತಿದ್ದರು. ಬೈಯಲೆಂದೇ ಹಚ್ಚೊಳ್ಳಿಗೆ ಹೋದ ಕಂಡಕ್ಟರು ಆ ಹೊಡೆತಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿ, ಆಮೇಲೆ ಸೊಳ್ಳೆ ಹೊಡೆದಂತೆ ನಟಿಸಿದರು. ಇತ್ತ ನಾವು ನಮ್ಮ ಕೊನೆಯ ಪಂದ್ಯದಲ್ಲಿ, ನೆಟ್ಟಿನ ನೆತ್ತಿಗೆ ತಾಗಿ ಯೋಚಿಸಿ ಯೋಚಿಸಿ ಆ ಕಡೆ ಬಿದ್ದ ಒಂದು ಚೆಂಡಿನ ಪುಣ್ಯದಿಂದ ಫೈನಲಿಗೆ ಬಂದೆವು. ಫೈನಲ್: ಕುರುಗೋಡು, ಸಿರುಗುಪ್ಪ. ಬೇರೆ ಯಾರಾದರೂ ಬರಬಾರದಿತ್ತೇ.

ಮೂರನೇ ವಾರದ ಶುಕ್ರವಾರ ಹೋಟೆಲಿನಲ್ಲಿ ವಾದ ಜೋರಾಗಿತ್ತು. ಅಪರೂಪಕ್ಕೆ ಬರುವ ಬೀಜದ ಅಂಗಡಿಯವನೊಬ್ಬ ಚಹಾ ಬಸಿಯಿಂದ ತಲೆ ಎತ್ತದೆ, 'ಅವ್ರ ಮಂದಿನ ಅಷ್ಟು, ಎಷ್ಟು ಮಾಡಿದ್ರೂ' ಅಂದ. ಅಷ್ಟೇ ಅಂದದ್ದು. ಎಣ್ಣೆಯಲ್ಲಿ ಆಡುತ್ತಿದ್ದ ಜಾರಿ ನಿಂತಿತು. ಮೂವತ್ತು ವರ್ಷದಿಂದ ಅದೇ ಬೆಂಚಿನಲ್ಲಿ ಕೂತು ಎಲ್ಲರ ಮನೆಯ ಹಿಟ್ಟು ಬೀಸಿ ಕೊಡುವ ಚಾಚಾ, ಅರ್ಧ ತಿಂದ ಮಿರ್ಚಿಯನ್ನು ತಟ್ಟೆಯಲ್ಲಿಟ್ಟು, ಕೈ ತೊಳೆದು, ಸೈಕಲ್ಲಿನ ಸ್ಟ್ಯಾಂಡ್ ತೆಗೆದರು. ಕಂಡಕ್ಟರು ಎದ್ದು ಹೋಗಿ ಸೈಕಲ್ಲಿನ ಹ್ಯಾಂಡಲ್ ಹಿಡಿದರೂ ನಿಲ್ಲಲಿಲ್ಲ.

ನನ್ನ ತಮಾಷೆ ಎಲ್ಲಿಯ ತನಕ ನಡೆದು ಬಂದಿದೆ ಎಂದು ಆಗ ಕಂಡಿತು. ಎದ್ದು ನೇರವಾಗಿ ವೈಂಡಿಂಗ್ ಅಂಗಡಿಗೆ ಹೋದೆ.

ಸೆಂಟರ್ ಸುಟ್ಟ ಮೋಟಾರಿನ ಹೊಟ್ಟೆಯಿಂದ ಕರಕಲು ತಂತಿ ಕೀಳುತ್ತಿದ್ದ. ವಾರ್ನಿಷಿನ ವಾಸನೆ. ನಾನು ನಿಂತಲ್ಲೇ ಎಲ್ಲ ಹೇಳಿದೆ: ಆ ದನಿ ಮಾಸ್ತರದ್ದಲ್ಲ, ನನ್ನದು, ನಗಲೆಂದು ಕಳಿಸಿದ್ದು. ಅವನು ಇಕ್ಕಳ ಕೆಳಗಿಟ್ಟು ತಲೆ ಎತ್ತಿದ.

'ಸರ್ ಕಳಿಸ್ಯಾರೇನಲೇ ನಿನ್ನ? ಫೈನಲ್ ಬಂತು, ತಪ್ಪು ನಿನ್ನ ಮ್ಯಾಲೆ ಹಾಕ್ಕೊಂಡು ಕರ್ಕೊಂಡು ಬಾ ಅಂತ?'

ಇಲ್ಲ ಮಾರಾಯ ಎಂದೆ. ಅವ್ವನ ಆಣೆ ಹಾಕಿದೆ. ಅವನು ನಂಬಲಿಲ್ಲ. ಬೇಕಾದರೆ ಈಗಲೇ ಮಾಡಿ ತೋರಿಸುತ್ತೇನೆ ಎಂದು ಮೂರು ಸಲ ಕೆಮ್ಮಿದೆ. ನಾಲ್ಕನೆಯದೂ ಬಂತು. 'ನೋಡಪಾ' ಅಂದದ್ದು ಹಲ್ಲು ನೋವಿರುವ ಮೇಕೆಯ ಹಾಗೆ ಕೇಳಿಸಿತು. ಇನ್ನೊಮ್ಮೆ ಮಾಡಿದೆ, ಇನ್ನೂ ಕೆಟ್ಟಿತು. ಬೇಡವಾದಾಗ ಬೆಣ್ಣೆಯಂತೆ ಬಂದ ದನಿ, ಬದುಕಿನಲ್ಲಿ ಒಂದೇ ಸಲ ಬೇಕಾದಾಗ ಕೈಕೊಟ್ಟಿತು.

ಸೆಂಟರ್ ಮತ್ತೆ ತಂತಿ ಕೀಳತೊಡಗಿದ. 'ಅವರ ದನಿ ನಂಗೊತ್ತಿಲ್ಲೇನು? ಸಣ್ಣಾಂವ ಇದ್ದಾಗಿಂದ ಕೇಳೀನಿ. ಅವತ್ತು ಅಂದದ್ದು ಅವರ. ಹೋಗು, ಅಂಗಡಿ ಐತಿ ನಂದು.'

ನನ್ನ ಕಲೆಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಯಾರೂ ಕೊಟ್ಟಿಲ್ಲ. ದಾರಿಯುದ್ದಕ್ಕೂ ನನ್ನನ್ನು ನಾನು ಬೈದುಕೊಂಡು ಬಂದೆ, ಅದೂ ಅವ್ವನ ದನಿಯಲ್ಲೇ, ಅಭ್ಯಾಸ ಬಿಡದೆ.

ಶನಿವಾರ ಸಂಜೆ ಮಾಸ್ತರ ಮನೆ. ಅವರು ಕಟ್ಟೆಯ ಮೇಲೆ ಕೂತು ರಾಕೆಟ್ಟಿಗೆ ಹೊಸ ದಾರ ಬಿಗಿಯುತ್ತಿದ್ದರು. ಈ ಸಲ ಮಾತು ಬೇಡವೆಂದು ನೇರ ಫೋನಿನಲ್ಲಿದ್ದ ಆ ಹತ್ತು ಸೆಕೆಂಡನ್ನೇ ಒತ್ತಿದೆ. ಅವರು ದಾರ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೇಳಿದರು. ಇನ್ನೊಮ್ಮೆ ಹಚ್ಚು ಎಂದರು. ಹಚ್ಚಿದೆ.

'ನಾ ಹಿಂಗ ಮಾತಾಡ್ತೀನೇನು?'

'ಹೌದ್ರಿ ಸರ್.'

'ಇಷ್ಟು ಬಿರುಸಾ?'

ಒಳಗಿನಿಂದ ಅವರ ಹೆಂಡತಿ, ಬಾಗಿಲಿಗೂ ಬರದೆ, 'ಅದ ನೀವ' ಎಂದರು. 'ನಲವತ್ತು ವರ್ಷ ಆತು ನಾ ಕೇಳಾಕ ಹತ್ತಿ.'

ಮಾಸ್ತರು ನಗಲಿಲ್ಲ. ಅಂವ ಏನಂದ ಎಂದು ಕೇಳಿದರು. ಆತ್ರಿ ಸರ್ ಅಂದ ಎಂದು ಪರದೆಯ ಮೇಲಿನ ಅಕ್ಷರ ತೋರಿಸಿದೆ. ಅವರು ಕನ್ನಡಕ ಹುಡುಕಿ, ಹಾಕಿಕೊಂಡು, ಆ ಎರಡು ಪದವನ್ನು ಒಂದು ಪುಟ ಓದುವಷ್ಟು ಹೊತ್ತು ಓದಿದರು. ಮೂರು ವಾರದಲ್ಲಿ ಅವರು ಎಷ್ಟು ಸೊರಗಿದ್ದರೆಂದು ಆಗ ಗಮನಿಸಿದೆ. ಈಗ ಹೊಡೆಯುತ್ತಾರೆ ಎಂದು ಕಿವಿ ಸಿದ್ಧ ಮಾಡಿಕೊಂಡೆ. ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಾಳೆಯೇ ಎಲ್ಲರೆದುರು ಹೇಳಿ ಅವನನ್ನು ನಮ್ಮ ಕಡೆ ಕರೆದುಕೊಳ್ಳಬಹುದಲ್ಲವೇ ಎಂದು ನಾನೇ ಆಸೆ ತೋರಿಸಿದೆ. ಕಟ್ಟಳೆಯ ಪ್ರಕಾರ ಹಕ್ಕು ಅವರದೇ.

'ಫೈನಲ್ ದಿನ ಕಿತ್ಕೊಂಡು ಬಂದ್ರ ಆ ಕಡಿ ನಾಲ್ಕು ಮಂದಿ ಏನ್ ಮಾಡ್ಬೇಕು?' ಎಂದು ಅವರು ರಾಕೆಟ್ಟಿನ ದಾರವನ್ನು ಬೆರಳಿನಿಂದ ಮೀಟಿ ನೋಡಿದರು. 'ನೋಡಪಾ. ನಾಳಿ ಸೆಂಟರಿಗೆ ನೀ ನಿಲ್ಲು. ಎಲ್ಲಾರ ದನಿ ಮಾಡ್ತಿಯಲ್ಲ, ಅವನ ಆಟ ಮಾಡು.'

'ಸರ್...'

'ಆತಿಲ್ಲೊ?'

ಬಳ್ಳಾರಿಯ ಆ ಬಯಲಿನ ಸುತ್ತ ಭಾನುವಾರ ಬೆಳಿಗ್ಗೆ ಏಳಕ್ಕೇ ಜನ. ಕಂಡಕ್ಟರು ಕಾಂಪೌಂಡ್ ಗೋಡೆಯ ಮೇಲೆ ಜಾಗ ಹಿಡಿದಿದ್ದರು. ಚಾಚಾ ಬಂದಿದ್ದರು, ಆದರೆ ನಮ್ಮವರಿಂದ ದೂರ, ಬೇವಿನ ಮರದ ಕೆಳಗೆ ಒಬ್ಬರೇ ನಿಂತಿದ್ದರು. ಪಂದ್ಯ ಶುರುವಾಗುವ ಮುಂಚೆ ಮಾಸ್ತರು ನನ್ನ ತೋಳು ಹಿಡಿದು ನೆಟ್ ದಾಟಿಸಿ ಸಿರುಗುಪ್ಪದವರ ಕಡೆ ನಡೆಸಿದರು. ಹಾಗೆ ದಾಟುವುದು ನಮ್ಮಲ್ಲಿ ರೂಢಿಯಿಲ್ಲ. ಗದ್ದಲ ತಾನಾಗಿಯೇ ಇಳಿಯಿತು.

ಹೇಳು ಎಂದರು. ಹೇಳಿದೆ. ಬೇವಿನ ಮರದ ತನಕ ಕೇಳುವಂತೆ ಹೇಳು ಎಂದರು. ಆಟೋಗಳ ಮೇಲೆ ಇಡೀ ಬಳ್ಳಾರಿಗೆ ಕೇಳುವ ನನ್ನ ದನಿ ಆ ದಿನ ಎಷ್ಟು ತೆಳ್ಳಗಿತ್ತೆಂದರೆ, ಇದು ಯಾರ ಅಣಕು ಎಂದು ಗೋಡೆಯ ಮೇಲಿನಿಂದ ಒಬ್ಬ ಕೇಳಿದ. ಯಾರದೂ ಅಲ್ಲ ಎಂದೆ. ಮೊದಲಿನಿಂದ ಕೊನೆಯ ತನಕ ಮತ್ತೊಮ್ಮೆ ಹೇಳಿಸಿದರು.

ಆಮೇಲೆ ಮಾಸ್ತರು ಸೆಂಟರ್‌ನ ಎದುರು ನಿಂತರು. ಕೆಮ್ಮಲಿಲ್ಲ.

'ಅವತ್ತಿನ ಮಾತು ನಂದಲ್ಲ. ಇದು ನಂದು. ಹೋಗಿ ಬಾ. ಇವತ್ತು ಅವರ ಕಡಿ ಚೊಲೋ ಆಡು. ಸಂಜಿಕೆ ಮನಿಗೆ ಬಾ.'

ಸೆಂಟರ್ ಬೂಟಿನ ಲೇಸು ಕಟ್ಟಲು ಬಗ್ಗಿದ. ಆ ಬೂಟಿಗೆ ಲೇಸು ಆಗಲೇ ಕಟ್ಟಿತ್ತು. ಬಿಚ್ಚಿ, ಮತ್ತೆ ಕಟ್ಟಿ, ಮುಖ ಒರೆಸಿಕೊಂಡು ಎದ್ದ. 'ಆತ್ರಿ ಸರ್' ಅಂದ. ನನ್ನ ಕಡೆ ತಿರುಗಿ, 'ನಿನ್ನ ಆಮೇಲೆ ನೋಡ್ಕೊಂತೀನಲೇ' ಅಂದ. ಮೂರು ವಾರದಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಸಿಹಿ ಮಾತು ಅದು.

ಪಂದ್ಯದ ಬಗ್ಗೆ ಹೇಳದಿದ್ದರೆ ಕಂಡಕ್ಟರು ಬಿಡುವುದಿಲ್ಲ. ಮೊದಲ ಗೇಮು ನನ್ನಿಂದಲೇ ಹೋಯಿತು. ಚೆಂಡು ಎಲ್ಲಿದೆ ಎಂದು ನಾನು ಹುಡುಕುವಷ್ಟರಲ್ಲಿ ಅದು ಹೋಗಿ ಬಂದು ಆಗಿರುತ್ತಿತ್ತು. ಎರಡನೆಯದಕ್ಕೆ ಮಾಸ್ತರು ಸೀಟಿಯ ದಾರ ಕಚ್ಚಿಕೊಂಡು ಮತ್ತೆ ಅಂದರು, ಅವನನ್ನು ಮಾಡು. ಸರಿ, ಮಾಡಿದೆ. ಸೆಂಟರ್ ಸರ್ವಿಗೆ ಮುಂಚೆ ರಾಕೆಟ್ಟನ್ನು ತೊಡೆಗೆ ಎರಡು ಸಲ ಒರೆಸುತ್ತಾನೆ, ಒರೆಸಿದೆ. ಎಡಗಾಲ ಹೆಬ್ಬೆರಳಿನ ಮೇಲೆ ಕೊಕ್ಕರೆಯಂತೆ ತೂಗುತ್ತಾನೆ, ತೂಗಿದೆ. ಚೆಂಡು ಬರುವಾಗ ನಾಲಿಗೆಯ ತುದಿ ಹೊರಗೆ ಹಾಕುತ್ತಾನೆ, ಪಾಪ, ಅದು ಅವನಿಗೇ ಗೊತ್ತಿರಲಿಲ್ಲ. ನೆಟ್ಟಿನ ಆಚೆ ತನ್ನನ್ನೇ ಕಂಡು ಅವನಿಗೆ ನಗು ತಡೆಯಲಾಗಲಿಲ್ಲ. ನಗುವವನ ಕೈಯಿಂದ ಚೆಂಡು ಜಾರುತ್ತದೆ. ಎರಡನೇ ಗೇಮು ನಮ್ಮದಾಯಿತು. ಆಟಕ್ಕೆ ನನ್ನ ಜೀವಮಾನದ ಕೊಡುಗೆ ಅಷ್ಟೇ.

ಮೂರನೆಯದರಲ್ಲಿ ಅವನು ನಗಲಿಲ್ಲ. ಮೂವತ್ತನಾಲ್ಕಕ್ಕೆ ಮೂವತ್ತನಾಲ್ಕು ಬಂದು ನಿಂತಾಗ ಹೋಟೆಲಿನವನು ಕಣ್ಣು ಮುಚ್ಚಿಕೊಂಡು, ಏನಾಯಿತು ಏನಾಯಿತು ಎಂದು ಪಕ್ಕದವರನ್ನು ಕೇಳುತ್ತಿದ್ದ. ಚೆಂಡು ನಾಲ್ಕು ಸಲ ಹೋಗಿ ಬಂದು ಕೊನೆಗೆ ನನಗೆ ಬಂತು. ಇಂಥ ಚೆಂಡಿಗೆ ಸೆಂಟರ್ ಏನು ಮಾಡುತ್ತಾನೆಂದು ನನಗೆ ಗೊತ್ತಿತ್ತು. ಕೊನೆಯ ತನಕ ಕಾದು, ಮಣಿಕಟ್ಟು ತಿರುಗಿಸಿ, ಬಲಮೂಲೆಗೆ ಕತ್ತರಿಸುತ್ತಾನೆ. ಹಾಗೇ ಕಾದೆ, ಹಾಗೇ ತಿರುಗಿಸಿದೆ. ಹುಟ್ಟಿದಾಗಿನಿಂದ ಅಷ್ಟು ಚೆಂದದ ಹೊಡೆತ ನನ್ನ ಕೈಯಿಂದ ಬಂದಿರಲಿಲ್ಲ. ಚೆಂಡು ನೇರ ಬಲಮೂಲೆಗೆ ಹೋಯಿತು. ಆ ಹೊಡೆತ ಎಲ್ಲಿ ಬೀಳುತ್ತದೆಂದು ಇಡೀ ಬಯಲಿನಲ್ಲಿ ಒಬ್ಬನಿಗೆ ಗೊತ್ತಿತ್ತು, ಅವನು ಅಲ್ಲಿ ಮೊದಲೇ ಹೋಗಿ ನಿಂತಿದ್ದ. ಅವನು ಮೆಲ್ಲಗೆ ನೆಟ್ಟಿನ ಮೇಲೆ ಇಳಿಸಿದ ಚೆಂಡು ನನ್ನ ಕಾಲ ಹತ್ತಿರ ಬಿತ್ತು. ಸೋಂಪಿನ ಡಬ್ಬಿ ಇನ್ನೊಂದು ವರ್ಷ ಅಲ್ಲಿಯೇ ಉಳಿಯಿತು.

ಸಂಜೆ ಅವನು ಮಾಸ್ತರ ಮನೆಗೆ ಹೋದ. ಕಟ್ಟೆಯ ತನಕ ನಾನೂ ಹೋದೆ, ಒಳಗೆ ಕರೆಯಲಿಲ್ಲ. ಆಮೇಲೆ ಯಾರೋ ಹಲ್ಲು ನೋವಿರುವ ಮೇಕೆಯ ದನಿಯಲ್ಲಿ 'ನೋಡಪಾ' ಎನ್ನುವುದು ಕೇಳಿಸಿತು. ನಾಲ್ಕು ಸಲ ಕೆಮ್ಮು ಬೇರೆ. ಸೆಂಟರ್ ನನ್ನ ಅಣಕು ಮಾಡುತ್ತಿದ್ದ. ಮಾಸ್ತರು ನಗುವುದನ್ನು ಅವತ್ತೇ ಮೊದಲ ಸಲ ಕೇಳಿದ್ದು ನಾನು. ಅದನ್ನು ಅಣಕಿಸಲು ಇನ್ನೂ ಬರುವುದಿಲ್ಲ. ಬೀಜದ ಅಂಗಡಿಯವನು ಯಾರ ಕ್ಷಮೆಯನ್ನೂ ಕೇಳಲಿಲ್ಲ. ಆದರೆ ತನ್ನ ಓಣಿಯ ಗಿರಣಿ ಬಿಟ್ಟು ಎರಡು ಓಣಿ ದಾಟಿ ಚಾಚಾನ ಗಿರಣಿಗೆ ಜೋಳ ಹೊತ್ತು ತಂದ. ಚಾಚಾ ಬೀಸಿಕೊಟ್ಟರು. ಮಾತಾಡಿಸಲು ಇನ್ನೊಂದು ಚೀಲ ಬೇಕಾಯಿತು.

ಇಷ್ಟಕ್ಕೆ ಮುಗಿಯಿತಲ್ಲ ಎಂದು ನೀವು ಅಂದುಕೊಂಡರೆ ನಮ್ಮ ಹೋಟೆಲ್ ನಿಮಗೆ ಗೊತ್ತಿಲ್ಲ. ಸೆಂಟರ್ ತಿರುಗಿ ಬರಬೇಕೆಂದರೆ ಈಗ ಸಿರುಗುಪ್ಪದ ಮುಖ್ಯಸ್ಥ 'ಹೋಗಿ ಬಾ' ಅನ್ನಬೇಕಲ್ಲ ಎಂದು ಕಂಡಕ್ಟರು ಎತ್ತಿದರು. ಆ ಮನುಷ್ಯ ಒಳ್ಳೆಯವನು, ಮರುದಿನವೇ ಅಂದು ಕಳಿಸಿದ. ಯಾರಿಗೆ ಕಳಿಸಿದ? ಟೀಮಿನ ಸುದ್ದಿಯೆಲ್ಲ ಹೋಗುವ ನಂಬರಿಗೆ. ನನಗೆ.

ನಾನು ಹೋಟೆಲಿನಲ್ಲಿ ಫೋನು ಮೇಜಿನ ಮೇಲಿಟ್ಟು ಆ ದನಿ ಕೇಳಿಸಿದೆ. ಎಲ್ಲರೂ ತಲೆ ಅಲ್ಲಾಡಿಸುತ್ತ ಕೇಳಿದರು. ಕೊನೆಗೆ, ಮತ್ತೆ ತಮ್ಮ ಬೆಂಚಿಗೆ ಬಂದಿದ್ದ ಚಾಚಾ, 'ಅವ್ರ ದನಿ ಚಲೋ ಮಾಡ್ತಿ ಬಿಡಪಾ' ಎಂದು ಬೆನ್ನು ತಟ್ಟಿದರು.

ಹೀಗಾಗಿ ಮುಂದಿನ ಭಾನುವಾರ ನಾವು ಹನ್ನೆರಡು ಜನ, ಮಾಸ್ತರನ್ನೂ ಸೆಂಟರನ್ನೂ ಕಂಡಕ್ಟರನ್ನೂ ಕೂಡಿಸಿ, ಬಸ್ಸು ಹಿಡಿದು ಸಿರುಗುಪ್ಪಕ್ಕೆ ಹೋದೆವು, ಎರಡು ಪದ ಕೇಳುವುದಕ್ಕೆ. ಸಿರುಗುಪ್ಪ ಬಿಡುವ ತನಕ ಬಾಯಿ ತೆರೆಯಬಾರದೆಂದು ನನಗೆ ಕಟ್ಟಪ್ಪಣೆ. ಅಕ್ಕಿ ಗಿರಣಿಯ ಅಂಗಳದಲ್ಲಿ ಆ ಮುಖ್ಯಸ್ಥ ಹೊಟ್ಟಿನ ಧೂಳಿನಲ್ಲಿ ನಿಂತು ನಮ್ಮೆಲ್ಲರನ್ನೂ ನೋಡಿ ಗಾಬರಿಯಾದ. ವಿಷಯ ತಿಳಿದು ನಕ್ಕು, ಸೆಂಟರ್‌ನ ಹೆಗಲ ಮೇಲೆ ಕೈ ಇಟ್ಟು, 'ಹೋಗಿ ಬಾ ತಮ್ಮಾ' ಅಂದ.

ಕಂಡಕ್ಟರು ನನ್ನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿದು, 'ಇನ್ನೊಮ್ಮೆ ಅನ್ರಿ' ಎಂದರು.